ಕೀಲಿ ಹಾಕಿದ ಮನೆ

ನಮ್ಮಪ್ಪ ಮಾಡುತ್ತಿದ್ದ ಬಾಗಿಲುಗಳಿಗೆ ಹೊರಗಿನಿಂದ ಕೀಲಿ ಹಾಕುವ ಏರ್ಪಾಡೇ ಇರುತ್ತಿರಲಿಲ್ಲ. ತಿಕೋಟಾದ ಹಳೇ ಓಣಿಗಳಲ್ಲಿ, ಆಚೆ ಬಿಜ್ಜರಗಿ, ಬಾಬಾನಗರ, ಕನಮಡಿಯ ತನಕ ಅವನ ಕೈಯ ಬಾಗಿಲುಗಳಿದ್ದವು. ಕೆಲವು ಇನ್ನೂ ಇವೆ. ಬಡವರ ಮನೆಗೆ ಜಾಲಿ, ಬೇವು, ಉಳ್ಳವರಿಗೆ ಸಾಗವಾನಿ. ಕಟ್ಟಿಗೆ ಯಾವುದೇ ಇರಲಿ, ಒಳಗಡೆ ಒಂದು ಅಗಳಿ, ಹೊರಗಡೆ ಮೇಲಿನ ಚೌಕಟ್ಟಿಗೆ ಸಿಕ್ಕಿಸುವ ಒಂದು ಸರಪಳಿ, ಅಷ್ಟೇ. ಆ ಸರಪಳಿಯೂ ನಾಯಿ ಒಳಗೆ ಹೋಗಬಾರದೆಂದು ಮಾತ್ರ. ‘ಕೀಲಿ ಹಾಕಾಕ ಒಂದು ಕೊಂಡಿ ಬಡೀರಿ’ ಎಂದು ಯಾರಾದರೂ ಕೇಳಿದರೆ ಅಪ್ಪ ಬಾಚಿ ಕೆಳಗಿಟ್ಟು ಅವರ ಮುಖ ನೋಡುತ್ತಿದ್ದ. ‘ಮನಿಮಂದೆಲ್ಲಾ ಒಮ್ಮೆಲೆ ಎಲ್ಲಿಗಿ ಹೊಂಟೀರಿ? ಹೆಣಾ ಎತ್ತಿದಾಗೂ ಒಬ್ಬಾಕಿ ಮನ್ಯಾಗ ಇರ್ತಾಳ.’

ಅಗಳಿಯ ಕೆಲಸವನ್ನು ಹತ್ತಿರದಿಂದ ನೋಡಿದವರು ಈಗ ಕಡಿಮೆ. ಮಣ್ಣು–ಕಲ್ಲಿನ ಗ್ವಾಡಿ ಎರಡೂವರೆ, ಮೂರು ಫೂಟು ದಪ್ಪ ಇರುತ್ತಿತ್ತಲ್ಲ, ಬಾಗಿಲ ಪಕ್ಕದ ಆ ಗ್ವಾಡಿಯೊಳಗೇ ಒಂದು ಉದ್ದನೆಯ ಪೊಟರೆ ಬಿಡಬೇಕು. ನಾಲ್ಕು ಬೆರಳು ಅಗಲದ ಚೌಕ ತೊಲೆ ಹಗಲೆಲ್ಲ ಆ ಪೊಟರೆಯೊಳಗೆ ಮಲಗಿರುತ್ತದೆ. ರಾತ್ರಿ ಎಳೆದರೆ ಎರಡೂ ಕದದ ಹಿಂದೆ ಹಾಯ್ದು ಎದುರು ಗ್ವಾಡಿಯ ಕುಣಿಯಲ್ಲಿ ಕೂಡುತ್ತದೆ. ತೊಲೆ ಬಾಗಿಲಿಗಿಂತ ಉದ್ದ. ಹಾಗಾಗಿ ಗ್ವಾಡಿ ಏಳುವಾಗಲೇ ಅದನ್ನು ಒಳಗಿಟ್ಟು ಕಟ್ಟಬೇಕು. ಆಮೇಲೆ ತೂರಿಸಲೂ ಬಾರದು, ಹಿರಿಯಲೂ ಬಾರದು. ಅದಕ್ಕೆಂದೇ ಗೌಂಡಿಯೂ ಬಡಿಗನೂ ಒಂದೇ ದಿನ ಕೆಲಸಕ್ಕೆ ಬರಬೇಕಿತ್ತು, ಇಬ್ಬರಿಗೂ ಜಗಳ ಆಗಬೇಕಿತ್ತು. ಹಳೇ ಮನೆಗಳಲ್ಲಿ ಆ ತೊಲೆಯ ಹಿಡಿಯುವ ತುದಿ ಎರಡು ಮೂರು ತಲೆಮಾರಿನ ಕೈ ತಾಗಿ ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಹೊರಗೆ ನಿಂತವನಿಗೆ ಹಿಡಿಯಲು ಕೊಂಡಿಯಿಲ್ಲ, ಬಿಚ್ಚಲು ತಿರುಪಿಲ್ಲ. ಒಡೆಯಬೇಕೆಂದರೆ ಬಾಗಿಲನ್ನೇ ಒಡೆಯಬೇಕು, ಅಷ್ಟರಲ್ಲಿ ಓಣಿ ಏಳುತ್ತದೆ.

ಬಾಗಿಲ ಬಗ್ಗೆ ನಮ್ಮ ಆಯಿಯದು ಇನ್ನೊಂದು ಹಟ. ಆಗಿನ ಕದಗಳಿಗೆ ಬಿಜಾಗರಿ ಇರಲಿಲ್ಲ. ಕದದ್ದೇ ಒಂದು ಗೂಟ ಕಲ್ಲಿನ ಕುಣಿಯಲ್ಲಿ ಕೂತು ತಿರುಗುತ್ತಿತ್ತು, ತಿರುಗಿದಾಗೆಲ್ಲ ಕಿರ್ರೋ ಎನ್ನುತ್ತಿತ್ತು. ಮನೆಗೆ ಬಂದ ಸೊಸೆಯಂದಿರು ಆ ಸದ್ದು ತಾಳದೆ ಎಣ್ಣೆ ಬಿಡಲು ಹೋದರೆ ಆಯಿ ಸಿಡಿಮಿಡಿ ಮಾಡುತ್ತಿದ್ದಳು. ಬಾಗಿಲು ಒದರಬೇಕು, ಒದರದ ಬಾಗಿಲು ಯಾತಕ್ಕೆ ಬಂತು ಎಂಬುದು ಅವಳ ವಾದ. ಬಹಳ ವರ್ಷಗಳ ನಂತರ ಶೂದ್ರಕನ ‘ಮೃಚ್ಛಕಟಿಕ’ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಶರ್ವಿಲಕ ಎಂಬ ಕಳ್ಳ ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ. ಕಮಲದ ಆಕಾರ ಕೊರೆಯಲೋ, ಪೂರ್ಣಕುಂಭ ಕೊರೆಯಲೋ ಎಂದು ಕಲಾವಿದನ ಗತ್ತಿನಲ್ಲಿ ಯೋಚಿಸುತ್ತಾನೆ, ಜನಿವಾರದಿಂದ ಅಳತೆ ತೆಗೆಯುತ್ತಾನೆ. ಒಳಗೆ ಬಂದ ಮೇಲೆ ಅವನಿಗೆ ಹತ್ತುವ ಚಿಂತೆ ಒಂದೇ: ಮನೆ ಹಳೆಯದು, ಕದ ಕಿರಗುಟ್ಟುತ್ತದೆ. ಅದಕ್ಕೆ ನೀರು ಹುಡುಕಿ ಸುರಿಯುತ್ತಾನೆ. ಆಯಿ ಸಂಸ್ಕೃತ ಓದಿದವಳಲ್ಲ, ಆದರೆ ಕಳ್ಳನ ಕಷ್ಟ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದೇ ನಾಟಕವನ್ನು ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದಾಗ ಆ ಕಳ್ಳನ ಪಾತ್ರಕ್ಕೆ ಶಂಕರ್‌ನಾಗ್ ಬಂದರು. ಕಳ್ಳನ ಮೇಲೆ ಪ್ರೀತಿ ಬರುವುದಕ್ಕೆ ಬೇರೆ ಏನೂ ಬೇಕಿರಲಿಲ್ಲ.

ಕನ್ನ ಎಂದರೆ ನಮ್ಮ ಕಡೆ ಕತೆಯಲ್ಲ. ಹಿತ್ತಲ ಕಡೆಯ ಮಣ್ಣಿನ ಗ್ವಾಡಿಗೆ ನೀರು ಹೊಡೆದು ನೆನೆಸಿ, ಸದ್ದಿಲ್ಲದೆ ಕೆರೆದು, ಒಬ್ಬ ತೂರುವಷ್ಟು ಕಿಂಡಿ ಮಾಡುವುದು. ಇನ್ನೊಂದು ದಾರಿ ಮಾಳಿಗಿಯ ಬೆಳಕಿಂಡಿ. ಹೊಗೆ ಹೋಗಲು, ಬೆಳಕು ಬರಲು ಬಿಟ್ಟ ಆ ಚೌಕದಿಂದ ಹಗ್ಗ ಇಳಿಬಿಟ್ಟು ಒಳಗಿಳಿಯಬಹುದಿತ್ತು. ಆಯಿ ರಾತ್ರಿ ಮಲಗುವ ಮುಂಚೆ ಬೆಳಕಿಂಡಿಯ ಕೆಳಗೆ ಹಿತ್ತಾಳಿ ಕೊಡಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಿದ್ದಳು. ಬೆಕ್ಕು ಬಿದ್ದು ನಾವೆಲ್ಲ ಎದ್ದು ಕೂತ ರಾತ್ರಿಗಳೇ ಹೆಚ್ಚು. ಜೋಳವಂತೂ ಹಗೇವಿನಲ್ಲಿ, ನೆಲದೊಳಗೆ. ಹಗೇವಿನ ಬಾಯಿ ತೆಗೆಯಲು ಮಣ್ಣು ಅಗೆಯಬೇಕು, ಕಲ್ಲು ಸರಿಸಬೇಕು, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ತಾಳ್ಮೆಗೆಟ್ಟು ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅಷ್ಟು ಹೊತ್ತು, ಅಷ್ಟು ಜನ ಬೇಕಾಗುವ ಕಳ್ಳತನ ಯಾರು ಮಾಡುತ್ತಾರೆ? ಹೊತ್ತು ಹಿಡಿಸಬೇಕು, ಸದ್ದು ಮಾಡಿಸಬೇಕು, ಕೇಳಲು ಒಬ್ಬರು ಇರಬೇಕು. ಹಳೇ ಮನೆಯ ಕಟ್ಟುವಿಕೆಯೆಲ್ಲ ಈ ಮೂರರ ಮೇಲೆ ನಿಂತಿತ್ತು. ಬ್ಯಾಸಗಿ ಬಂತೆಂದರೆ ಇಡೀ ಓಣಿ ಮಾಳಿಗಿ ಮೇಲೆ ಮಲಗುತ್ತಿತ್ತು. ಒಂದರ ಮಾಳಿಗಿಗೆ ಇನ್ನೊಂದು ಹತ್ತಿಕೊಂಡಿದ್ದರಿಂದ ಒಬ್ಬರು ಕೆಮ್ಮಿದರೆ ಆ ತುದಿಯವರು ಯಾಕ ಎಂದು ಕೇಳುತ್ತಿದ್ದರು.

ಊರಿಗೆ ಕಾವಲು ಬೇರೆ ಇತ್ತು. ತಳವಾರರು, ವಾಲಿಕಾರರು, ಅವರ ಮೇಲೆ ಪೊಲೀಸ್ ಪಾಟೀಲ. ಕಳುವಾದರೆ ಹೆಜ್ಜೆ ಹಿಡಿದು ಹೋಗುವುದು ತಳವಾರನ ಕೆಲಸ. ಹೆಜ್ಜೆ ನಮ್ಮ ಸೀಮೆ ದಾಟಿತೆಂದರೆ ಮುಂದಿನ ಊರಿನ ತಳವಾರನಿಗೆ ಒಪ್ಪಿಸಿ ಬರಬೇಕು ಎಂದು ಹಿರಿಯರು ಹೇಳುತ್ತಿದ್ದರು. ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದ ಈ ವತನಗಳೆಲ್ಲ 1961ರ ಗ್ರಾಮಾಧಿಕಾರಿಗಳ ಹುದ್ದೆ ರದ್ದತಿ ಕಾಯ್ದೆಯಿಂದ, 1963ರಲ್ಲಿ ಅದು ಜಾರಿಗೆ ಬಂದಾಗ ಮುಗಿದವು. ಮುಗಿದದ್ದು ಒಳ್ಳೆಯದೇ. ಆ ಕಾವಲಿಗೆ ಹುಟ್ಟಿನ ಮೇಲೆ ಜನರನ್ನು ಕಟ್ಟಿಹಾಕುವ ಇನ್ನೊಂದು ಮುಖವಿತ್ತು. ಊರ ಹೊರಗೆ ಗುಡಾರ ಹೊಡೆದವರಿದ್ದ ದಿನ ಕಳುವಾಯಿತೆಂದರೆ ವಿಚಾರಣೆಯ ಗೊಡವೆಯೇ ಇರುತ್ತಿರಲಿಲ್ಲ. ಬ್ರಿಟಿಷರು 1871ರಲ್ಲಿ ‘ಅಪರಾಧಿ ಬುಡಕಟ್ಟು’ಗಳ ಕಾಯ್ದೆ ತಂದು, ಇಂಥ ಜಾತಿಯಲ್ಲಿ ಹುಟ್ಟಿದವನು ಹುಟ್ಟುಕಳ್ಳ ಎಂದು ಬರೆದಿಟ್ಟರು. ಆ ಜನರನ್ನು ತಂದು ಕೂಡಿಟ್ಟ ಸೆಟ್ಲಮೆಂಟುಗಳು ವಿಜಯಪುರದಲ್ಲಿ, ಸೊಲ್ಲಾಪುರದಲ್ಲಿ, ಹುಬ್ಬಳ್ಳಿ–ಗದಗಗಳಲ್ಲಿ ಇದ್ದವು. ಹಾಜರಿ ಕೊಡಬೇಕು, ಪರವಾನಗಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಕಾಯ್ದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆಟೊದವರಿಗೆ ಸೆಟ್ಲಮೆಂಟ್ ಎಂದರೆ ಕರೆದುಕೊಂಡು ಹೋಗುತ್ತಾರೆ. ಹೆಸರು ಉಳಿಯಿತು, ಹೆಸರಿನ ಜೊತೆಗೆ ಗುಮಾನಿಯೂ ಉಳಿಯಿತು.

ನಾನು ಬಾಚಿ ಹಿಡಿಯಲಿಲ್ಲ. ಬಿ.ಎ. ಅರ್ಧಕ್ಕೆ ಬಿಟ್ಟು ಅಥಣಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಹಾಕಿದೆ. ಅಪ್ಪನಿಗೆ ಅದು ಬಡಿಗತನವೂ ಅಲ್ಲ, ಕಂಬಾರಿಕೆಯೂ ಅಲ್ಲ, ಸುಮ್ಮನೆ ಕಿಡಿ ಹಾರಿಸುವ ಧಂದೆ. ಆದರೆ ಕಾಲ ನನ್ನ ಕಡೆಗಿತ್ತು. ಬರದ ಸೀಮೆ ಎನಿಸಿಕೊಂಡಿದ್ದ ನಮ್ಮ ಕಡೆ ದ್ರಾಕ್ಷಿ ಬಂತು. ಬಿಜ್ಜರಗಿ, ಸೋಮದೇವರಹಟ್ಟಿ, ಹೊನವಾಡ ಎಲ್ಲೆಲ್ಲೂ ಥಾಮ್ಸನ್ ಬಳ್ಳಿ. ಬೋರು ಕೊರೆದವರು, ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರು, ಒಣದ್ರಾಕ್ಷಿ ಮಾಡಿ ತಾಸಗಾವಿಗೆ ಕಳಿಸಿದವರು. ದುಡ್ಡು ಕಂಡವರು ಮಾಳಿಗಿ ಮನೆ ಕೆಡವಿ ಆರ್‌ಸಿಸಿ ಕಟ್ಟಿದರು, ಇಲ್ಲವೇ ಓಣಿ ಬಿಟ್ಟು ತೋಟದಲ್ಲಿ ಮನೆ ಹಾಕಿದರು. 2018ರಲ್ಲಿ ತಿಕೋಟಾ ತಾಲ್ಲೂಕಾದ ಮೇಲೆ ರಸ್ತೆಯುದ್ದಕ್ಕೂ ಪ್ಲಾಟುಗಳು ಎದ್ದವು. ಗ್ವಾಡಿ ಮೂರು ಫೂಟಿನಿಂದ ಒಂಬತ್ತು ಇಂಚಿಗೆ, ಕೆಲವು ಕಡೆ ನಾಲ್ಕೂವರೆಗೆ ಬಂತು. ಅಗಳಿ ಕೂಡಲು ಜಾಗವೆಲ್ಲಿ? ಕಿಟಕಿಗಳು ದೊಡ್ಡವಾದವು. ಮಕ್ಕಳು ಓದಲು ವಿಜಯಪುರ, ಕೆಲಸಕ್ಕೆ ಪುಣೆ, ಬೆಂಗಳೂರು. ಅಪ್ಪ ಕೇಳುತ್ತಿದ್ದ ಪ್ರಶ್ನೆಗೆ ಈಗ ಉತ್ತರ ಹುಟ್ಟಿತು: ಮನೆಮಂದಿಯೆಲ್ಲ ಒಮ್ಮೆಲೇ ಹೊರಡತೊಡಗಿದರು. ಮದುವೆಗೆ, ಆಸ್ಪತ್ರೆಗೆ, ಶ್ರೀಶೈಲಕ್ಕೆ. ಹೊರಗಡೆ ಕೀಲಿ ಬಂತು.

ಕೀಲಿಯಲ್ಲಿ ದೋಷವಿಲ್ಲ. ಮುಂಬಯಿಯಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಕೀಲಿ ಮಾಡುವ ಕಾರಖಾನೆ ಹಾಕಿದಾಗಿನಿಂದ ಈ ದೇಶದಲ್ಲಿ ಒಳ್ಳೆಯ ಕೀಲಿಗೆ ಕೊರತೆಯಾಗಿಲ್ಲ. ಅಲಿಗಡ, ದಿಂಡಿಗಲ್ಲುಗಳಲ್ಲಿ ಓಣಿಗೆ ಓಣಿಯೇ ಇದೇ ಕಸುಬಿನ ಮೇಲೆ ಬದುಕಿವೆ. ಕೆಟ್ಟುಹೋದ ಲಿವರ್ ಕೀಲಿ ಸಿಕ್ಕರೆ ನಾನು ಕೊಯ್ದು ಒಳಗೆ ನೋಡುತ್ತಿದ್ದೆ. ತೆಳು ಹಿತ್ತಾಳೆಯ ತಗಡುಗಳು ಒಂದರ ಪಕ್ಕ ಒಂದು, ಪ್ರತಿಯೊಂದಕ್ಕೂ ಬೇರೆ ಎತ್ತರದ ಕಚ್ಚು. ಕೀಲಿಕೈಯ ಹಲ್ಲು ಎಲ್ಲವನ್ನೂ ಸರಿಯಾದ ಎತ್ತರಕ್ಕೆ ಒಟ್ಟಿಗೇ ಎತ್ತಿದರಷ್ಟೇ ಕೊಕ್ಕೆ ಬಿಡುತ್ತದೆ. ಒಂದು ಹೆಚ್ಚೆತ್ತಿದರೂ ಇಲ್ಲ, ಕಡಿಮೆಯಾದರೂ ಇಲ್ಲ. ಎಂಟು ಲಿವರಿನದನ್ನು ತಂತಿ ಹಾಕಿ ತೆಗೆಯುವವರು ಸಿನಿಮಾದಲ್ಲಿ ಹೆಚ್ಚು. ನಮ್ಮ ಕಡೆ ಬರುವ ಕಳ್ಳ ಕೀಲಿಯ ಗೊಡವೆಗೇ ಹೋಗುವುದಿಲ್ಲ.

ಅದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡದ್ದು ಚಿಗವ್ವನ ಮನೆಯಲ್ಲಿ. ಯುಗಾದಿಯ ಸುಮಾರಿಗೆ ಕಾಕಾ, ಚಿಗವ್ವ, ಸೊಸೆ, ಮೊಮ್ಮಕ್ಕಳು ಎಲ್ಲರೂ ಶ್ರೀಶೈಲಕ್ಕೆ ಹೋಗಿದ್ದರು. ಬಂದು ನೋಡುವಾಗ ಬಾಗಿಲು ಅರೆ ತೆರೆದಿದೆ. ಕೀಲಿ ಮಾತ್ರ ಹಾಕಿದ್ದು ಹಾಕಿದಂತೇ ಇದೆ. ವಿಜಯಪುರದಿಂದ ತರಿಸಿದ ಭಾರೀ ಕೀಲಿ ಅದು, ಮೈಮೇಲೆ ಒಂದು ಗೀರು ಕೂಡ ಬಿದ್ದಿಲ್ಲ. ಕೀಲಿ ಕೊಂಡಿಗೆ ಜೋತುಬಿದ್ದಿತ್ತು, ಕೊಂಡಿ ನಾಲ್ಕು ತಿರುಪಿನ ಸಮೇತ ಚೌಕಟ್ಟಿನಿಂದ ಕಿತ್ತು ಬಂದಿತ್ತು. ಬೆರಳು ತಾಗಿಸದೆ ಬಗ್ಗಿ ನೋಡಿದೆ. ತಿರುಪುಗಳು ಮುಕ್ಕಾಲು ಇಂಚಿನವು. ಅವು ಕೂತಿದ್ದ ತೂತುಗಳಲ್ಲಿ ಹೊಸ ಕಟ್ಟಿಗೆಯ ಹಳದಿ ಹುಡಿ. ಪಕ್ಕದಲ್ಲಿ, ಚೌಕಟ್ಟಿನ ಬಣ್ಣದ ಮೇಲೆ, ಕಬ್ಬಿಣದ ಹಾರಿ ಊರಿ ಮೀಟಿದ ಒಂದೇ ಒಂದು ತಗ್ಗು. ಒಂದೇ ಮೀಟು! ಕೀಲಿಗೆ ಕೊಟ್ಟ ದುಡ್ಡಿನ ಇಪ್ಪತ್ತರಲ್ಲಿ ಒಂದು ಪಾಲನ್ನು ತಿರುಪಿಗೆ ಕೊಟ್ಟಿದ್ದರೆ ಅವನಿಗೆ ಹತ್ತು ಮೀಟು ಬೇಕಾಗುತ್ತಿತ್ತು.

ಒಳಗೆ ಅಡುಗೆಮನೆಯ ನೆಲ ಕಾಣುತ್ತಿರಲಿಲ್ಲ. ಜೋಳದ ಹಿಟ್ಟು, ಸಜ್ಜಿ ಹಿಟ್ಟು, ಅಕ್ಕಿ, ಬ್ಯಾಳಿ ಎಲ್ಲ ಡಬ್ಬಿ ಸುರಿದು ಕೈಯಾಡಿಸಿದ್ದರು. ಹೆಣ್ಣುಮಕ್ಕಳು ಹಿಟ್ಟಿನ ಡಬ್ಬಿಯಲ್ಲಿ ಬಂಗಾರ ಇಡುತ್ತಾರೆಂಬುದು ಅವರ ಕಸುಬಿನ ಮೊದಲ ಪಾಠವೇ ಇರಬೇಕು. ದೇವರ ಜಗಲಿ ಮೇಲಿನ ಬೆಳ್ಳಿ ಹೋಗಿತ್ತು. ತಿಜೋರಿಯನ್ನು ಒಡೆದಿರಲಿಲ್ಲ, ಅದರದೇ ಕೀಲಿಕೈಯಿಂದ ತೆಗೆದಿದ್ದರು. ಕೀಲಿಕೈ ತಿಜೋರಿಯ ಮೇಲೆ, ಹಾಸಿದ ಪೇಪರಿನ ಕೆಳಗಿತ್ತು. ಪಾಟಲಿ, ಬಿಲ್ವಾರ, ಸೊಸೆಯ ಸರ ಎಲ್ಲ ಹೋದವು. ಬೋರಮಾಳ ಒಂದು ಉಳಿಯಿತು, ಅದು ಚಿಗವ್ವನ ಕೊರಳಲ್ಲಿತ್ತು. ಹೋಗುವ ಮುಂಚೆ ಕೂತು ಶೇಂಗಾ ಹೋಳಿಗೆಯ ಡಬ್ಬಿಯನ್ನೂ ಖಾಲಿ ಮಾಡಿದ್ದರು. ಅಂದರೆ ಅವರಿಗೆ ಅವಸರವೇ ಇರಲಿಲ್ಲ.

ಚಿಗವ್ವ ಬಂಗಾರಕ್ಕೆ ಅತ್ತದ್ದು ಸ್ವಲ್ಪ ಹೊತ್ತು. ಆಮೇಲೆ ಅವಳಿಗೆ ಹತ್ತಿದ್ದು ಬೇರೆ. ‘ನನ್ನ ಸೀರಿ ಗಂಟೆಲ್ಲಾ ಬಿಚ್ಚಿ ಕೈಯಾಡ್ಸ್ಯಾರಲ್ಲೋ ತಮ್ಮಾ’ ಎಂದು ಒಂದೊಂದೇ ಸೀರೆ ಎತ್ತಿ ನೋಡುತ್ತಿದ್ದಳು. ಮರುದಿನ ಇದ್ದಬದ್ದ ಬಟ್ಟೆಯನ್ನೆಲ್ಲ ನೀರಿಗೆ ಹಾಕಿದಳು, ಒಮ್ಮೆಯೂ ಉಡದ ಇಳಕಲ್ ಸೀರೆಗಳನ್ನು ಕೂಡ. ಬಹಳ ದಿನ ರಾತ್ರಿ ಒಬ್ಬಳೇ ಹಿಂದಿನ ಖೋಲಿಗೆ ಹೋಗಲಿಲ್ಲ. ಕಳುವಿನ ಪಂಚನಾಮೆಯಲ್ಲಿ ಈ ಲೆಕ್ಕಕ್ಕೆ ಅಂಕಣವಿಲ್ಲ.

ಬೆರಳಚ್ಚಿನವರು ವಿಜಯಪುರದಿಂದ ಬರುವಷ್ಟರಲ್ಲಿ ಆ ಕೀಲಿಯನ್ನು ಅರ್ಧ ಊರು ಮುಟ್ಟಿ, ತೂಗಿ, ‘ಕೀಲಿ ಮಾತ್ರ ಭಾರಿ ಐತಿ’ ಎಂದು ಮೆಚ್ಚಿ ಆಗಿತ್ತು. ತಿಜೋರಿಯ ಹಿಡಿಕೆಯನ್ನು ಸಂಬಂಧಿಕರೊಬ್ಬರು ಟವೆಲಿನಿಂದ ಒರೆಸಿಯೂ ಬಿಟ್ಟಿದ್ದರು, ಧೂಳಾಗಿದೆ ಎಂದು. ಹಿಟ್ಟಿನ ಮೇಲೆ ಎಷ್ಟು ಚಂದ ಹೆಜ್ಜೆ ಮೂಡಿದ್ದವು! ಹಳೇ ತಳವಾರನಿದ್ದಿದ್ದರೆ ಅದನ್ನು ನೋಡಿ ಕುಣಿಯುತ್ತಿದ್ದ. ಚಹಾ ಮಾಡಬೇಕೆಂದು ಯಾರೋ ಕಸಬರಿಗೆ ಹಾಕಿದರು. ಕಳುವಾದ ಮನೆಯ ಹೊಸ್ತಿಲಲ್ಲೇ ನಿಂತು, 112ಕ್ಕೆ ಫೋನ್ ಹಚ್ಚಿ, ಯಾರನ್ನೂ ಒಳಗೆ ಬಿಡದಿರುವುದು ದೊಡ್ಡ ಗಟ್ಟಿತನ ಬೇಡುವ ಕೆಲಸ. ನಮ್ಮ ಕಡೆ ದುಃಖದ ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವುದು ಹೇಗೆ?

ಆ ಪ್ರಕರಣದ ಓಡಾಟದಲ್ಲಿ ನನಗೆ ವಕೀಲರೊಬ್ಬರ ಗೆಳೆತನವಾಯಿತು. 1860ರ ದಂಡಸಂಹಿತೆಯ 445ನೇ ಕಲಮು ಓದಿ ನೋಡಿ ಎಂದರು. ಮನೆ ಒಡೆಯುವುದು ಎಂದರೇನೆಂದು ಹೇಳಿ ಕೆಳಗೆ ಉದಾಹರಣೆ ಕೊಟ್ಟಿದ್ದಾರೆ. ಮೊದಲನೆಯದೇ ಗೋಡೆಗೆ ಕನ್ನ ಕೊರೆದು ಒಳಗೆ ಕೈ ಹಾಕಿದವನದು. ಮುಂದೆ ಕಿಟಕಿಯಿಂದ ನುಗ್ಗಿದವನು, ಬಾಗಿಲ ತೂತಿನಿಂದ ತಂತಿ ಹಾಕಿ ಚಿಲಕ ಎತ್ತಿದವನು, ಮನೆಯವರು ಕಳಕೊಂಡ ಕೀಲಿಕೈ ಸಿಕ್ಕಿ ಅದರಿಂದಲೇ ಬಾಗಿಲು ತೆಗೆದವನು. 2024ರ ಜುಲೈಯಲ್ಲಿ ಬಂದ ಹೊಸ ನ್ಯಾಯ ಸಂಹಿತೆಯೂ ಮನೆ ಒಡೆಯುವುದನ್ನು ಹೆಚ್ಚುಕಡಿಮೆ ಇದೇ ಬಗೆಯಲ್ಲಿ ಹೇಳುತ್ತದೆ. ಕಳ್ಳರಿಂದ ಮನೆ ಕಾಯಬೇಕೆನ್ನುವವರು ಈ ಒಂದು ಪುಟ ಓದಿಕೊಂಡು ತಮ್ಮ ಮನೆಯ ಸುತ್ತ ಒಂದು ಸುತ್ತು ಹಾಕಿದರೆ ಸಾಕು. ಕಂಪನಿಯವರ ಬಣ್ಣಬಣ್ಣದ ಪುಸ್ತಕ ಬೇಕಿಲ್ಲ.

ಅಂದಿನಿಂದ ನನ್ನ ಅಂಗಡಿಗೆ ಗೇಟು, ಗ್ರಿಲ್ ಎಂದು ಬಂದವರ ಜೊತೆ ನಾನು ಒಮ್ಮೆ ಅವರ ಮನೆಗೆ ಹೋಗಿ ಬರತೊಡಗಿದೆ. ಹೋದೊಡನೆ ಮುಂಬಾಗಿಲು ನೋಡುವುದಿಲ್ಲ, ಅದನ್ನು ಎಲ್ಲರೂ ಗಟ್ಟಿ ಮಾಡಿಸಿರುತ್ತಾರೆ. ತೊಲಬಾಗಿಲಿಗೆ ಸಾಗವಾನಿ, ಮೇಲೆ ಲಕ್ಷ್ಮಿ, ನವಿಲು. ಹಿತ್ತಲ ಬಾಗಿಲಿಗೆ ಊದಿದರೆ ಹಾರುವ ಪ್ಲೈವುಡ್ಡು. ಮಾಳಿಗಿಗೆ ಹೋಗುವ ಮೆಟ್ಟಿಲ ಬಾಗಿಲಿಗೆ ಅದೂ ಇಲ್ಲ, ತಗಡು. ಬಚ್ಚಲುಮನೆಯ ಗಾಜಿನ ಪಟ್ಟಿಯ ಕಿಟಕಿಯಂತೂ ಕಳ್ಳನಿಗೆಂದೇ ಬಿಟ್ಟದ್ದು, ಪಟ್ಟಿಗಳನ್ನು ಒಂದೊಂದೇ ಹಿರಿದು ಕೆಳಗಿಟ್ಟರಾಯಿತು. ಕಿಟಕಿಗೆ ಗ್ರಿಲ್ ಇರುತ್ತದೆ, ಆದರೆ ಅದನ್ನು ಹೊರಗಿನಿಂದ ತಿರುಪು ಹಾಕಿ ಕೂಡಿಸಿರುತ್ತಾರೆ. ಹಾಕಿದವನು ಹೊರಗೆ ನಿಂತು ಹಾಕಿದ್ದನ್ನು ಇನ್ನೊಬ್ಬನು ಹೊರಗೆ ನಿಂತು ಬಿಚ್ಚಲಾರನೇ? ಚೌಕಟ್ಟು ಕೂಡಿಸುವಾಗಲೇ ಸರಳು ಅದರೊಳಗೆ ಹಾಯಬೇಕು. ಅದಾಗದಿದ್ದರೆ ತಿರುಪಿನ ತಲೆಯನ್ನು ವೆಲ್ಡ್ ಮಾಡಿ ತೇಯಬೇಕು. ಕೊಂಡಿಗೆ ತಿರುಪೇ ಬೇಡ. ಕದದ ಆಚೆಯಿಂದ ಈಚೆಗೆ ಹಾಯುವ ಬೋಲ್ಟು ಹಾಕಿ ಒಳಗಡೆ ವಾಷರು, ನಟ್ಟು ಬಿಗಿದರೆ ಹಾರಿ ಹಾಕಿದವನು ಬೆವರಬೇಕು. ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿಗಳನ್ನು ಮೂರು ಹಾಕಬೇಕಾದಲ್ಲಿ ಒಂದು ಹಾಕಿ ಸಿಮೆಂಟು ಬಳಿದ ಮನೆಗಳನ್ನು ನೋಡಿದ್ದೇನೆ. ಅಲ್ಲಿ ಬಾಗಿಲು, ಚೌಕಟ್ಟು, ಕೀಲಿ ಎಲ್ಲ ಕೂಡಿಯೇ ಹೊರಗೆ ಬರುತ್ತವೆ.

ಜನಕ್ಕೆ ಇದು ರುಚಿಸುವುದಿಲ್ಲ. ಬೋಲ್ಟು ಕಾಣುವುದಿಲ್ಲವಲ್ಲ! ಗೇಟಿನ ಮೇಲೆ ಭರ್ಜಿಯ ಮೊನೆಗಳು ಬೇಕು, ಅವಕ್ಕೆ ಬಂಗಾರದ ಬಣ್ಣ ಬೇಕು, ಕಂಪೌಂಡು ಎತ್ತರ ಬೇಕು. ಎತ್ತರದ ಕಂಪೌಂಡಿನ ಬಗ್ಗೆ ನನ್ನದು ಬೇರೆ ಮತ. ಆಳೆತ್ತರದ ಗೋಡೆ ಒಮ್ಮೆ ಹಾರಿ ಒಳಗೆ ಬಿದ್ದವನಿಗೆ ರಸ್ತೆಯವರ ಕಣ್ಣಿನ ಭಯವಿಲ್ಲ, ರಾತ್ರಿಯಿಡೀ ಕೂತು ಕೆಲಸ ಮಾಡಬಹುದು. ಸೊಂಟದೆತ್ತರದ ಗೋಡೆ, ಅದರ ಮೇಲೆ ಆಚೆ ಕಾಣುವ ಸರಳು, ಹಿತ್ತಲಲ್ಲಿ ಒಂದು ದೀಪ. ಹೀಗೆ ಹೇಳಿ ಎಷ್ಟೋ ಗಿರಾಕಿಗಳನ್ನು ಕಳಕೊಂಡಿದ್ದೇನೆ.

ಹೊರಗೆ ಜೋತುಬಿದ್ದ ಕೀಲಿಯ ಬಗ್ಗೆಯೂ ವಾದ ಮಾಡಿದ್ದೇನೆ. ಹಗಲು ಭಿಕ್ಷೆಗೆ, ವ್ಯಾಪಾರಕ್ಕೆ ಎಂದು ಓಣಿ ಸುತ್ತುವವನಿಗೆ, ಇಲ್ಲವೇ ನಮ್ಮದೇ ಓಣಿಯ ಪುಂಡನಿಗೆ, ಮನೆಯಲ್ಲಿ ಯಾರೂ ಇಲ್ಲವೆಂದು ಸಾರುವುದೇ ಆ ಕೀಲಿ. ಕದದೊಳಗೇ ಕೂಡುವ ಕೀಲಿ ಹಾಕಿಸಿದರೆ ಹೊರಗೆ ಒಂದು ಸಣ್ಣ ತೂತು ಮಾತ್ರ ಕಾಣುತ್ತದೆ. ಒಳಗೆ ಜನ ಇದ್ದಾರೋ ಇಲ್ಲವೋ ಕಟ್ಟಿ ಹತ್ತಿ ನೋಡಬೇಕು. ಅಷ್ಟರ ಮೇಲೆ ಅಂಗಳದಲ್ಲಿ ಒಂದು ವಾರದ ಪೇಪರು ಬಿದ್ದಿದ್ದರೆ, ರಂಗೋಲಿ ಇಲ್ಲದಿದ್ದರೆ, ಶ್ರೀಶೈಲದ ಫೋಟೊ ಮೊಬೈಲಿನ ಸ್ಟೇಟಸ್ಸಿನಲ್ಲಿದ್ದರೆ ಏನು ಮಾಡುವುದು? ಊರಿಗೆ ಹೋಗುವಾಗ ಠಾಣೆಗೆ ಒಂದು ಮಾತು ಹೇಳಿ ಹೋಗಿರೆಂದು ಪೊಲೀಸರು ಪ್ರತಿ ಬ್ಯಾಸಗಿಗೆ ಹೇಳುತ್ತಾರೆ. ಹೇಳಿ ಹೋದವರನ್ನು ನಾನು ಕಂಡದ್ದು ಅಪರೂಪ. ನಮ್ಮ ಜನಕ್ಕೆ ಠಾಣೆಯ ಮೆಟ್ಟಿಲು ಹತ್ತುವುದಕ್ಕಿಂತ ಕಳುವಾಗುವುದೇ ಮೇಲು.

ತೋಟದ ಕತೆ ಇನ್ನೊಂದು ಬಗೆ. ದ್ರಾಕ್ಷಿ ಸುಗ್ಗಿಯಲ್ಲಿ ಕಿತ್ತ ಗೊನೆಯನ್ನು ಪೊಟ್ಯಾಶ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿ ಶೆಡ್ಡಿನ ಜಾಳಿಗೆಗಳ ಮೇಲೆ ಹರವುತ್ತಾರೆ. ಎರಡು ವಾರದಷ್ಟು ಹೊತ್ತು ಒಂದು ವರ್ಷದ ದುಡಿಮೆ ಬಯಲಲ್ಲಿ, ಗೋಡೆಯೇ ಇಲ್ಲದ ಮನೆಯಲ್ಲಿ ಇರುತ್ತದೆ. ಗಾಳಿ ಆಡಬೇಕು, ಆದ್ದರಿಂದ ಮುಚ್ಚುವಂತಿಲ್ಲ. ಅಲ್ಲಿಗೆ ಯಾವ ಕೀಲಿ ಹಾಕುತ್ತೀರಿ? ಹೊರಸು ಹಾಕಿಕೊಂಡು ಮಲಗುತ್ತಾರೆ, ಟ್ರಾನ್ಸಿಸ್ಟರ್ ಹಚ್ಚುತ್ತಾರೆ, ನಾಯಿ ಸಾಕುತ್ತಾರೆ. ಬೋರಿನ ಕೇಬಲ್ಲು, ಸ್ಟಾರ್ಟರ್ ಡಬ್ಬಿಗೆ ಮಾತ್ರ ನನ್ನಂಥವನ ಕೆಲಸ ಬೇಕಾಗುತ್ತದೆ. ತಾಮ್ರದಾಸೆಗೆ ಕೇಬಲ್ ಕೊಯ್ದು ಒಯ್ಯುವುದು ಕಳ್ಳನಿಗೆ ಒಂದು ರಾತ್ರಿಯ ದುಡಿಮೆ. ರೈತನಿಗೆ ಹೊಸ ಕೇಬಲ್ಲಿನ ಖರ್ಚಿಗಿಂತ ಆ ನಡುವೆ ಒಣಗುವ ಬಳ್ಳಿಯ ನಷ್ಟವೇ ದೊಡ್ಡದು.

ಕಾಯಲು ಏನೂ ಇಟ್ಟುಕೊಳ್ಳದವರೂ ನಮ್ಮಲ್ಲಿದ್ದರು. ನಮ್ಮ ತಾಲ್ಲೂಕಿನ ಬಿಜ್ಜರಗಿಯಲ್ಲೇ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬೇ ಇರಲಿಲ್ಲವೆಂದು ಎಲ್ಲರಿಗೂ ಗೊತ್ತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಇಡೀ ಸೀಮೆ ವಿಜಯಪುರಕ್ಕೆ ಹೋಯಿತು. ನಾವೆಲ್ಲರೂ ಆ ಜೇಬಿಲ್ಲದ ಅಂಗಿಯ ಮಾತಾಡಿ ಕಣ್ಣೊರೆಸಿಕೊಂಡೆವು, ಬಸ್ಸಿನ ಗದ್ದಲದಲ್ಲಿ ನಮ್ಮ ನಮ್ಮ ಜೇಬುಗಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ಹೋಗಿ ಬಂದೆವು.

2025 ನಮ್ಮ ಜಿಲ್ಲೆಯ ನಿದ್ದೆ ಕೆಡಿಸಿದ ವರ್ಷ. ಜನವರಿಯಲ್ಲಿ ವಿಜಯಪುರದ ಹೊಸ ಬಡಾವಣೆಗಳಲ್ಲಿ ಮುಖಕ್ಕೆ ಮುಸುಕು ಹಾಕಿಕೊಂಡ ಗುಂಪೊಂದು ಓಡಾಡುವ ಕ್ಯಾಮೆರಾ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ನನ್ನ ಅಂಗಡಿಯಲ್ಲಿ ಹುಡುಗರು ಹಗಲು ರಾತ್ರಿ ಗ್ರಿಲ್ ಕಟ್ಟಿದರೂ ಮುಗಿಯಲಿಲ್ಲ. ಓಣಿ ಓಣಿಗಳಲ್ಲಿ ಗಂಡಸರು ಬಡಿಗಿ ಹಿಡಿದು ಗಸ್ತು ತಿರುಗಿದರು. ಅಕ್ಕಪಕ್ಕದ ಹೆಸರೇ ಗೊತ್ತಿಲ್ಲದವರು ಬೆಂಕಿ ಕಾಯಿಸುತ್ತ ಕೂತು ಪರಿಚಯ ಮಾಡಿಕೊಂಡದ್ದು ಆ ಗಸ್ತಿನ ಲಾಭ. ಆದರೆ ಬಡಿಗಿ ಹಿಡಿದ ಗುಂಪನ್ನು ಕಂಡರೆ ನನಗೆ ಕಳ್ಳರಿಗಿಂತ ಹೆಚ್ಚು ಅಂಜಿಕೆ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಮೊಬೈಲಿನ ಗಾಳಿಮಾತು ನಂಬಿ, ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬನನ್ನು ಜನ ಬಡಿದು ಕೊಂದರು. ಗಸ್ತಿನ ಆ ರಾತ್ರಿಗಳಲ್ಲಿ ನಮ್ಮ ರಸ್ತೆಯಲ್ಲೂ ಬೇರೆ ಭಾಷೆಯ ಒಬ್ಬನನ್ನು ನಿಲ್ಲಿಸಿ ಕೇಳುವವರೇ ಎಲ್ಲರೂ. ದ್ರಾಕ್ಷಿ ತೋಟದ ಕೆಲಸಕ್ಕೆ ಬಂದ ಕೂಲಿಯವ ಅವನು. ಅವನ ಮಾಲೀಕ ಮೋಟರ್‌ಸೈಕಲ್ ಮೇಲೆ ಬರುವ ತನಕ ನಾನೂ ಇನ್ನಿಬ್ಬರು ಹಿರಿಯರೂ ಅವನ ಸುತ್ತ ನಿಂತಿದ್ದೆವು. ಸೆಟ್ಲಮೆಂಟಿನ ಕಾಯ್ದೆ ಸತ್ತು ಎಪ್ಪತ್ತು ವರ್ಷವಾದರೂ ‘ನೋಡಿದ್ರ ಗೊತ್ತಾಗತೈತಿ, ಕಳ್ಳನ ಮಾರಿ’ ಎನ್ನುವವರು ಅಂದು ನನ್ನ ಬೆನ್ನ ಹಿಂದೆಯೇ ಇದ್ದರು.

ಅದೇ ವರ್ಷ ಮೇ ಕೊನೆಯಲ್ಲಿ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೊ ಬಂಗಾರ ಹೋಯಿತು. ಜನ ಸಾಲಕ್ಕೆ ಅಡವಿಟ್ಟ ಬಂಗಾರ. ಸ್ಥಳದಲ್ಲಿ ಮಾಟದ ಗೊಂಬೆ ಬಿಟ್ಟಿದ್ದರು, ಕ್ಯಾಮೆರಾದ ರೆಕಾರ್ಡನ್ನೇ ಹೊತ್ತೊಯ್ದಿದ್ದರು. ನಮ್ಮ ಅಂಗಡಿ ಮುಂದೆ ಕೂತವರು ಬಿಹಾರದವರಿರಬೇಕು, ರಾಜಸ್ಥಾನದವರಿರಬೇಕು ಎಂದು ದೇಶದ ನಕಾಶೆಯೆಲ್ಲ ಸುತ್ತಿ ಬಂದರು. ಜೂನಿನಲ್ಲಿ ಪೊಲೀಸರು ಹಿಡಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕನಿದ್ದ. ಅಲ್ಲಿದ್ದಾಗಲೇ ಕೀಲಿಕೈಗಳ ನಕಲು ಮಾಡಿಸಿಕೊಂಡಿದ್ದ ಎಂದು ಪೊಲೀಸರು ಹೇಳಿದರು. ಒಳಗಿನವನ ಕೈ ಕೂಡಿದರೆ ಕೋಟೆಯೂ ನಿಲ್ಲುವುದಿಲ್ಲ. ಔರಂಗಜೇಬ 1686ರಲ್ಲಿ ವಿಜಯಪುರವನ್ನು ಗೆದ್ದದ್ದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿ, ಒಳಗಿನವರನ್ನು ಹಸಿವಿನಿಂದ ಸೋಲಿಸಿ. ಮರುವರ್ಷ ಗೋಲ್ಕೊಂಡಕ್ಕೆ ಅಷ್ಟು ಕೂಡ ಬೇಕಾಗಲಿಲ್ಲವಂತೆ, ಒಳಗಿನವನೊಬ್ಬ ದಿಡ್ಡಿ ಬಾಗಿಲು ತೆಗೆದ. ಅದೇ 2025ರ ಸೆಪ್ಟೆಂಬರಿನಲ್ಲಿ ಚಡಚಣದ ಬ್ಯಾಂಕಿಗೆ ಮುಸುಕುಧಾರಿಗಳು ಸಂಜೆಗೇ ನುಗ್ಗಿ ಸಿಬ್ಬಂದಿಯ ಕೈಕಾಲು ಕಟ್ಟಿ ದೋಚಿಕೊಂಡು ಹೋದಾಗ, ಬಂಗಾರ ಬ್ಯಾಂಕಿನಲ್ಲಿಡಿ ಎಂದು ಚಿಗವ್ವನಿಗೆ ಹೇಳಿದ್ದ ನನ್ನ ಮಾತಿಗೆ ಬೆಲೆಯೇ ಉಳಿಯಲಿಲ್ಲ. ‘ಬ್ಯಾಂಕಿನವರಿಗೂ ಹಿಟ್ಟಿನ ಡಬ್ಬಿ ಕೊಡಸು’ ಎಂದಳು. ಆದರೂ ನಾನು ಅದೇ ಮಾತು ಹೇಳುತ್ತೇನೆ. ಮನಗೂಳಿಯ ಬಂಗಾರಕ್ಕೆ ಕಾಗದ ಇತ್ತು, ಹುಡುಕಲು ಪೊಲೀಸರ ತಂಡಗಳಿದ್ದವು. ಹಿಟ್ಟಿನ ಡಬ್ಬಿಯ ಬಂಗಾರಕ್ಕೆ ಚಿಗವ್ವನ ನೆನಪೊಂದೇ ಸಾಕ್ಷಿ. ಪಾಟಲಿ ಎಷ್ಟು ತೊಲೆ ಎಂದು ಫಿರ್ಯಾದಿ ಬರೆಸುವಾಗ ಗಂಡ ಹೆಂಡತಿ ಒಂದೊಂದು ತೂಕ ಹೇಳಿದ್ದರು. ಒಡವೆಗಳನ್ನು ಒಮ್ಮೆ ಚಾದರದ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ಹೊಡೆದು, ಪತ್ತಾರನ ಚೀಟಿಯ ಜೊತೆ ಬೇರೆ ಕಡೆ ಇಟ್ಟಿದ್ದರೆ ಆ ಜಗಳವಾದರೂ ತಪ್ಪುತ್ತಿತ್ತು.

ಈಗ ಆ ಮನೆಯಲ್ಲಿ ಕಾಕಾ ಇಲ್ಲ. ಮಗ ಸೊಸೆ ಪುಣೆಯಲ್ಲಿ. ಚಿಗವ್ವ ಒಬ್ಬಳೇ. ಮಗ ನಾಲ್ಕು ಕ್ಯಾಮೆರಾ ಹಾಕಿಸಿದ. ರೆಕಾರ್ಡಿನ ಡಬ್ಬಿಯನ್ನು ಟೀವಿಯ ಪಕ್ಕ ಮಿಣಿಮಿಣಿ ಅನ್ನುತ್ತ ಇಟ್ಟಿದ್ದನ್ನು ನಾನು ಕಿತ್ತು ಅಟ್ಟದ ಮೇಲೆ ಕಬ್ಬಿಣದ ಗೂಡಿನೊಳಗೆ ಕೂಡಿಸಿದೆ. ಎಲ್ಲ ಕಿಟಕಿಗೂ ಒಳಗಿನಿಂದ ಗ್ರಿಲ್ ಹಾಕಿದೆ. ಮಲಗುವ ಖೋಲಿಯ ಒಂದು ಗ್ರಿಲ್ಲನ್ನು ಮಾತ್ರ ಬಾಗಿಲಿನಂತೆ ತೆರೆಯುವ ಹಾಗೆ ಮಾಡಿ ಒಳಗಡೆ ಸಣ್ಣ ಕೀಲಿ ಇಟ್ಟೆ. ಅದು ಯಾಕೆಂದು ಅವಳು ಕೇಳಿದಳು. ಗ್ಯಾಸು ಹೊತ್ತಿಕೊಂಡರೆ, ಮುಂದೆ ಯಾರಾದರೂ ನುಗ್ಗಿದರೆ, ನೀನು ಹೊರಗೆ ಹೋಗಲು ದಾರಿ ಬೇಕಲ್ಲ ಎಂದೆ. ಎಲ್ಲ ಕಡೆ ಸರಳು ಜಡಿದ ಮನೆಯಿಂದ ಬೆಂಕಿಯಲ್ಲಿ ಹೊರಬರಲಾಗದೆ ಸತ್ತವರ ಸುದ್ದಿಯನ್ನು ಪೇಪರಿನಲ್ಲಿ ನಾವೆಲ್ಲ ಓದಿಯೇ ಇದ್ದೇವೆ. ಎದುರು ಮನೆಯ ಬೀಬಿಯ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಇವಳ ಫೋನು, ಇವಳದರಲ್ಲಿ ಒತ್ತಿದರೆ ಅವಳದು. ರಾತ್ರಿ ಮಲಗುವ ಮುಂಚೆ ಒಬ್ಬರಿಗೊಬ್ಬರು ಮಿಸ್ ಕಾಲ್ ಕೊಡುತ್ತಾರೆ. ಕೊಡದಿದ್ದರೆ ಇನ್ನೊಬ್ಬಳು ಬಂದು ಬಾಗಿಲು ಬಡಿಯುತ್ತಾಳೆ. ಮನೆಯ ಎರಡನೇ ಕೀಲಿಕೈಯೂ ಬೀಬಿಯ ಹತ್ತಿರವೇ.

ಕ್ಯಾಮೆರಾಗಳ ಜೊತೆ ಮಾತ್ರ ಚಿಗವ್ವನದು ಇನ್ನೂ ಒಂದು ಸಮ ಆಗಿಲ್ಲ. ಕಟ್ಟಿಯ ಮೇಲೆ ಕೂತು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದಳೆಂದು ಮಗ ಪುಣೆಯಿಂದ ಫೋನ್ ಹಚ್ಚಿ ಕೇಳುತ್ತಾನಂತೆ. ಹೋದ ತಿಂಗಳು ಮುಂದಿನ ಕ್ಯಾಮೆರಾ ಕೆಟ್ಟಿದೆ, ಬರೀ ಕೆಂಪು ಕಾಣುತ್ತಿದೆ ಎಂದು ಅವನು ನನಗೆ ಹೇಳಿದ. ಹೋಗಿ ನೋಡಿದರೆ ಕ್ಯಾಮೆರಾದ ಮುಂದೆ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದಾಳೆ, ಕೆಳಗೆ ನಾಲ್ಕೈದು ಹೆಣ್ಣುಮಕ್ಕಳು ಕೂತು ಶ್ಯಾವಿಗಿ ಹೊಸೆಯುತ್ತಿದ್ದಾರೆ.

‘ಸೀರಿ ತಗೀ ಬೇ, ಕಳ್ಳರು ಬಂದ್ರ ಕಾಣಬೇಕಲ್ಲ’ ಎಂದೆ.

‘ಇಷ್ಟ ಮಂದಿ ಕುಂತಲ್ಲಿ ಯಾವ ಕಳ್ಳ ಬರ್ತಾನೋ? ಇವರೆಲ್ಲ ಮನಿಗಿ ಹೋದ ಮ್ಯಾಲ ತಗೀತೀನಿ. ನೀ ಕೈ ತೊಳಕೊಂಡು ಬಾ, ಚಹಾ ಕುಡುದು ಹೋಗು’ ಎಂದಳು.